ಗುಲುದುಗ್ ನುಂಗಿದ ಕೀಲಿ

ಜಕಾರ್ತದಿಂದ ಮೂರು ತಾಸಿನ ದಾರಿಯ ಚಿಯಾಂಜೂರಿನಲ್ಲಿ ನಾನು ಕೋಳಿಗಂಜಿ ಮಾರುವವನು. ನನ್ನ ಅಂಗಡಿಯ ಎದುರುಮನೆ ಎಂಕೋಸನದು. ಮದುವೆ ದಿಬ್ಬಣ, ಯಾತ್ರೆ, ಆಸ್ಪತ್ರೆಯಿಂದ ಬಾಣಂತಿಯನ್ನು ಮನೆಗೆ ಕರೆತರುವುದು, ಇಂಥದ್ದಕ್ಕೆಲ್ಲ ನಮ್ಮ ಬೀದಿಯವರು ಅವನ ವ್ಯಾನನ್ನೇ ಕರೆಯುತ್ತಿದ್ದರು. ಕುಳ್ಳ, ಮೆತ್ತಗಿನ ಮಾತಿನವ, ಅವಸರವೆಂದರೆ ಏನೆಂದು ತಿಳಿಯದವ. ಅವನಿಗಿದ್ದದ್ದು ಎರಡೇ ಹುಚ್ಚು: ಹುಂಜದ ಹುಚ್ಚು, ಕಳ್ಳರ ಭಯದ ಹುಚ್ಚು.

ಹುಂಜ ಎಂದರೆ ಸಾರಿನ ಹುಂಜ ಅಲ್ಲ, ಕಾದಾಟದ ಹುಂಜವೂ ಅಲ್ಲ. ನಮ್ಮ ಕಡೆಯ ಪೆಲುಂಗ್ ಹುಂಜ. ಅದನ್ನು ಸಾಕುವುದೇ ಕೂಗಿಗಾಗಿ. ಸ್ಪರ್ಧೆಯ ದಿನ ತೀರ್ಪುಗಾರರು ಕಣ್ಣು ಮುಚ್ಚಿ ಕೂತು, ಕೂಗು ಎಲ್ಲಿ ಏರಿತು, ಎಲ್ಲಿ ಬಾಗಿತು, ಕೊನೆಯ ಎಳೆ ಎಷ್ಟು ದೂರ ಹೋಯಿತು ಎಂದು ಕೇಳುತ್ತಾರೆ. ಎಂಕೋಸನ ಹುಂಜದ ಹೆಸರು ಗುಲುದುಗ್, ಅಂದರೆ ಗುಡುಗು. ನನ್ನ ಮೊಣಕಾಲಿನಷ್ಟು ಎತ್ತರ. ಅದು ಕೂಗತೊಡಗಿದರೆ ನನ್ನ ಗಿರಾಕಿಗಳು ಚಮಚ ಕೆಳಗಿಟ್ಟು ಮುಗಿಯುವವರೆಗೆ ಕಾಯುತ್ತಿದ್ದರು. ಬಾಯಲ್ಲಿದ್ದ ಕೋಳಿಚೂರನ್ನು ಆ ಹೊತ್ತಿನಲ್ಲಿ ಅಗಿಯಲು ಏನೋ ಸಂಕೋಚ.

ಕಳ್ಳರ ಭಯಕ್ಕೆ ಕಾರಣ ಇತ್ತು. ಅವನ ಮೊದಲಿನ ವ್ಯಾನು ಚಿಬೆಬರ್‌ನ ಒಂದು ಮದುವೆಯಲ್ಲಿ, ಅವನು ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಾಗ, ಚಪ್ಪರದ ಪಕ್ಕದಿಂದಲೇ ಮಾಯವಾಗಿತ್ತು. ಗಂಡಿನ ಕಡೆಯವರೆಲ್ಲ ರೇಷ್ಮೆ ಅಂಗಿಯಲ್ಲಿ ಎಲೆಕೋಸಿನ ಲಾರಿ ಹತ್ತಿ ಮನೆಗೆ ಬಂದರು. ಅಂದಿನಿಂದ ಎಂಕೋಸ್ ಬಾಡಿಗೆ ಗಾಡಿ ಓಡಿಸುತ್ತಿದ್ದಾಗಲೂ ಗೇರ್ ಕಡ್ಡಿಯ ತುದಿಯ ಗುಂಡನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡೇ ನಮಾಜಿಗೆ ಹೋಗುತ್ತಿದ್ದ. ಗುಂಡಿಲ್ಲದೆಯೂ ಗೇರು ಬೀಳುತ್ತದೆ ಎಂದು ನಾನು ಹೇಳಿದರೆ, "ಕಳ್ಳನ ಮನಸ್ಸಿಗೆ ಬೇಜಾರಾಗ್ಬೇಕು, ಅಷ್ಟೇ" ಅನ್ನುತ್ತಿದ್ದ.

ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ವ್ಯಾನು ಕೊಂಡ. ಅದರಲ್ಲಿ ಇಮೊಬಿಲೈಸರ್ ಎಂಬ ಕಾವಲು ಇತ್ತು. ಅವನ ಹೆಂಡತಿ ರುಕೋಯಾಳ ತಮ್ಮ ಉಸೇಪ್ ಪೇಟೆಯ ಮಸೀದಿ ಮುಂದೆ ಕೊಡೆ ಕಟ್ಟಿಕೊಂಡು ಬೀಗದ ಕೈ ಮಾಡುವವನು. ಅವನೇ ಬಂದು ವಿವರಿಸಿದ.

"ಬಾವ, ಈ ಕೀಲಿಯ ಪ್ಲಾಸ್ಟಿಕ್ ತಲೆ ಒಳಗೆ ಅಕ್ಕಿಕಾಳಿನ ಹಾಗಿರೋ ಒಂದು ಗಾಜಿನ ಚಿಪ್ ಇದೆ. ಅದಕ್ಕೆ ಬ್ಯಾಟರಿ ಇಲ್ಲ. ಕೀಲಿ ತಿರುಗಿಸಿದಾಗ, ಆ ತೂತಿನ ಸುತ್ತ ಇರೋ ತಂತಿಸುರುಳಿ ಗಾಳಿಯಲ್ಲೇ ಅದಕ್ಕೆ ಒಂಚೂರು ಕರೆಂಟು ಕೊಡುತ್ತೆ. ಚಿಪ್ ಎಚ್ಚರ ಆಗುತ್ತೆ. ಒಳಗಿನ ಪೆಟ್ಟಿಗೆ 'ಯಾರು?' ಅಂತ ಕೇಳುತ್ತೆ, ಚಿಪ್ 'ನಾನು' ಅನ್ನುತ್ತೆ. ಗುರುತು ಸಿಕ್ತಾ, ಎಂಜಿನ್ ಓಡುತ್ತೆ. ಸಿಗಲಿಲ್ವಾ, ಒಂದು ಸಲ ಗುರ್ರ್ ಅಂದು ಸತ್ತುಹೋಗುತ್ತೆ. ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ."

"ಕಳ್ಳ ಬೇರೆ ಕೀಲಿ ಮಾಡಿಸ್ಕೊಂಡು ಬಂದ್ರೆ?"

"ಕಬ್ಬಿಣ ತಿರುಗುತ್ತೆ, ಗಾಡಿ ಹೊರಡಲ್ಲ."

ಎಂಕೋಸನ ಕಣ್ಣಲ್ಲಿ ನೀರು ಬಂತು. ರುಕೋಯಾ ಬಾಗಿಲಲ್ಲಿ ನಿಂತು, "ನೋಡು, ಗಾಡಿಗೂ ಯಜಮಾನನ ಗುರುತು ಸಿಗುತ್ತೆ. ನಿನಗೆ ಮೊನ್ನೆ ಸಂತೆಯಲ್ಲಿ ನನ್ನ ಗುರುತು ಸಿಗಲಿಲ್ಲ" ಅಂದಳು.

"ನೀನು ಹೊಸ ಮುಸುಕು ಹಾಕ್ಕೊಂಡಿದ್ದೆ."

"ಮುಸುಕು ತಲೆಗೆ. ಮುಖ ಹಳೇದೇ."

ಒಂದೇ ಕೊರತೆ. ಹಳೆಯ ಮಾಲೀಕ ಒಂದೇ ಕೀಲಿ ಕೊಟ್ಟಿದ್ದ, ಅದೂ ಆಳಿನ ಕೀಲಿ. ಈ ಗಾಡಿಗಳಲ್ಲಿ ಒಂದು ಯಜಮಾನ ಕೀಲಿ ಇರುತ್ತದಂತೆ; ಹೊಸ ಕೀಲಿಯನ್ನು ಪೆಟ್ಟಿಗೆಗೆ ಪರಿಚಯ ಮಾಡಿಕೊಡುವ ಅಧಿಕಾರ ಅದಕ್ಕೆ ಮಾತ್ರ. ಆಳಿನ ಕೀಲಿ ಗಾಡಿ ಓಡಿಸಬಹುದು, ಇನ್ನೊಬ್ಬ ಆಳನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಯಜಮಾನ ಕೀಲಿ ಹಳೆಯ ಮಾಲೀಕನ ಕೈಜಾರಿ ಯಾವುದೋ ಬಾವಿಗೆ ಬಿದ್ದಿತ್ತಂತೆ.

ಎರಡು ವರ್ಷ ಎಲ್ಲ ಸುಸೂತ್ರ. ಆಮೇಲೆ ಕೀಲಿಯ ಪ್ಲಾಸ್ಟಿಕ್ ತಲೆ ಬಿರುಕು ಬಿಟ್ಟಿತು. ಒಂದು ಬೆಳಗ್ಗೆ ಉಸೇಪ್ ಎಂಕೋಸನ ಜಗಲಿಯಲ್ಲಿ ಕೂತು ಅದನ್ನು ಬಿಡಿಸಿದ. ನಾನು ಅವನಿಗೆ ಗಂಜಿ ಕೊಡಲು ಹೋಗಿದ್ದೆ, ಹಾಗಾಗಿ ಕಣ್ಣಾರೆ ಕಂಡೆ. ಚಿಪ್ಪನ್ನು ಚಿಮುಟದಲ್ಲಿ ತೆಗೆದು, ಕಳೆದುಹೋಗಬಾರದೆಂದು ಪಕ್ಕದಲ್ಲಿದ್ದ ತಟ್ಟೆಯಲ್ಲಿಟ್ಟ. ಅದು ಗುಲುದುಗ್‌ನ ತಟ್ಟೆ. ಅದರಲ್ಲಿ ಅಕ್ಕಿ ಇತ್ತು.

ಹುಂಜ ಅಷ್ಟೊಂದು ಅಕ್ಕಿಯಲ್ಲಿ ಮೊದಲು ಆರಿಸಿದ್ದು ಅದನ್ನೇ. ಹೊಳೆಯುತ್ತಿತ್ತಲ್ಲ. ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ, ನುಂಗಿತು.

ಉಸೇಪನ ಕೈಯಲ್ಲಿದ್ದ ಚಿಮುಟ ಬಾಯಿ ತೆರೆದುಕೊಂಡೇ ಇತ್ತು.

"ಬಾವ," ಅಂದ ಕೊನೆಗೆ, "ಚಾಕು ಎಲ್ಲಿದೆ?"

ಎಂಕೋಸ್ ಹುಂಜವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕಿಟಕಿಯಿಂದ ಕೂಗಿ ಹೇಳಿದ, "ನಿನ್ನ ಕುತ್ತಿಗೆ ಮೊದಲು ಕುಯ್ಸ್ಕೋ!"

ಆಮೇಲಿನ ದಿನಗಳು ಮರ್ಯಾದೆಯವಾಗಿರಲಿಲ್ಲ. ಹುಂಜದ ಹಿಂದೆ ಹಿಂದೆ ಎಂಕೋಸ್, ಅವನ ಕೈಯಲ್ಲಿ ಕಾಫಿ ಸೋಸುವ ಜಾಲರಿ. ಜಾಲರಿ ನನ್ನ ಅಂಗಡಿಯದು, ವಾಪಸು ಬೇಡವೆಂದೆ. ಏನೂ ಸಿಗಲಿಲ್ಲ. ದನಕರು ಕೋಳಿಗಳಿಗೆ ಮದ್ದು ಕೊಡುವ ಸರ್ಕಾರಿ ಕಾಂಪೌಂಡರ್ ಬಂದು ಹುಂಜದ ಹೊಟ್ಟೆ ಒತ್ತಿ ನೋಡಿದ. "ಕೋಳಿಗೆ ಹಲ್ಲಿಲ್ಲ ಮಾಮ. ಕಾಳು ಅರೆಯೋಕೆ ಒಳಗೆ ಒಂದು ಗಟ್ಟಿ ಚೀಲ ಇದೆ, ಅದರಲ್ಲಿ ಕಲ್ಲು ಇಟ್ಕೊಂಡಿರುತ್ತೆ. ನಿಮ್ಮ ಚಿಪ್ಪನ್ನ ಕಲ್ಲು ಅಂದ್ಕೊಂಡಿದೆ. ತಿಂಗಳುಗಟ್ಟಲೆ ಅಲ್ಲೇ ಇರಬಹುದು" ಅಂದ.

ಪೆಟ್ಟಿಗೆಯನ್ನೇ ಬದಲಾಯಿಸಬೇಕು, ಹಳೆಯ ಗಾಡಿಯದ್ದು ಜಕಾರ್ತದ ಗುಜರಿಯಲ್ಲಿ ಹುಡುಕಬೇಕು, ಸಿಕ್ಕರೆ ಪುಣ್ಯ ಎಂದು ಉಸೇಪ್ ಹೇಳಿದ. ಆ ವಾರವೇ ಒಂದು ದಿಬ್ಬಣವಿತ್ತು. ಎಂಕೋಸ್ ಜಗಲಿಯಲ್ಲಿ ತಲೆ ಹಿಡಿದು ಕೂತ. ಅವನ ತೊಡೆಯ ಮೇಲೆ ಹುಂಜ, ಯಾವ ಚಿಂತೆಯೂ ಇಲ್ಲದೆ.

ಆಗ ರುಕೋಯಾ ಕೇಳಿದಳು. "ಉಸೇಪ್, ಚಿಪ್ಪು ಸತ್ತಿದೆಯೋ, ಬದುಕಿದೆಯೋ?"

"ಗಾಜು ಒಡೆದಿಲ್ಲ ಅಂದ್ರೆ ಬದುಕಿರುತ್ತೆ, ಅಕ್ಕ."

"ಹಾಗಿದ್ರೆ ಅದು ಕೀಲಿಯ ಒಳಗಿದ್ರೇನು, ಕೋಳಿಯ ಒಳಗಿದ್ರೇನು? ಪೆಟ್ಟಿಗೆಗೆ ಬೇಕಾಗಿರೋದು ಉತ್ತರ ತಾನೆ?"

ಉಸೇಪ್ ಅಕ್ಕನನ್ನೇ ನೋಡಿದ. ಎಂಕೋಸ್ ಹುಂಜವನ್ನು ನೋಡಿದ. ಎಲ್ಲರೂ ಎದ್ದು ವ್ಯಾನಿನ ಹತ್ತಿರ ಹೋದೆವು.

ಮೊದಮೊದಲು ಆಗಲಿಲ್ಲ. ಎದೆ ಒತ್ತಿದರೆ ಗುರ್ರ್ ಅಂದು ಸಾಯುತ್ತಿತ್ತು. ಬೆನ್ನು ಒತ್ತಿದರೂ ಅಷ್ಟೇ. ಆ ಸುರುಳಿಯ ಕರೆ ನಾಲ್ಕು ಬೆರಳಿನ ದೂರವನ್ನೂ ದಾಟುವುದಿಲ್ಲ, ಚಿಪ್ಪು ಅಡ್ಡ ಮಲಗಿದ್ದರೂ ಕೇಳಿಸುವುದಿಲ್ಲ ಎಂದು ಉಸೇಪ್ ಹುಂಜವನ್ನು ರೇಡಿಯೋ ಗುಂಡಿಯ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಬಾಲ ಕನ್ನಡಿಯ ಕಡೆ, ಎಡಹೊಟ್ಟೆ ಕೀಲಿತೂತಿಗೆ ಒತ್ತಿ, ಕತ್ತು ಎಂಕೋಸನ ಕಂಕುಳಲ್ಲಿ. ಕೀಲಿ ತಿರುಗಿಸಿದರು. ಎಂಜಿನ್ ಹತ್ತಿತು, ನಿಲ್ಲಲಿಲ್ಲ. ಸುಖವಾಗಿ ಓಡುತ್ತಲೇ ಇತ್ತು.

ಗುಲುದುಗ್ ಕಂಕುಳಿಂದ ತಲೆ ಹೊರಹಾಕಿ ಒಂದು ಉದ್ದನೆಯ ಕೂಗು ಕೂಗಿತು. ಎಂಕೋಸ್ ಅದರ ಜುಟ್ಟಿಗೆ ಮುತ್ತಿಟ್ಟ. ಉಸೇಪ್ ಮಾತ್ರ, "ಇದನ್ನ ನನ್ನ ಅಂಗಡಿ ಮುಂದೆ ಯಾರಿಗೂ ಹೇಳ್ಬೇಡಿ" ಅಂದ.

ಹೀಗೆ ಶುರುವಾಯಿತು. ಗಾಡಿ ಹೊರಡಿಸಲು ಎರಡು ಜನ ಬೇಕಾಗುತ್ತಿತ್ತು: ಒಬ್ಬ ಕೀಲಿಗೆ, ಒಬ್ಬ ಹುಂಜಕ್ಕೆ. ಬೇರೆಯವರ ಕೈಯಲ್ಲಿ ಗುಲುದುಗ್ ಕುಕ್ಕುತ್ತಿತ್ತು. ಹಾಗಾಗಿ ರುಕೋಯಾ ಬಲಗಡೆಯ ಕಿಟಕಿಯ ಹೊರಗೆ ನಿಂತು ಹುಂಜವನ್ನು ಒಳಗೆ ತೂರಿಸಿ ಹಿಡಿಯುವಳು, ಎಂಜಿನ್ ಹತ್ತಿದ ಮೇಲೆ ಅದನ್ನೆತ್ತಿಕೊಂಡು ಗಾಡಿಯನ್ನು ಸುತ್ತಿ ಓಡಿ ಎಡಗಡೆ ಹತ್ತಿ ಕೂರುವಳು. ಮದುವೆಯಾದಾಗಿನಿಂದ ಅವಳು ವ್ಯಾನಿನಲ್ಲಿ ದೂರ ಹೋದವಳಲ್ಲ, ಸೀಟೆಲ್ಲ ಗಿರಾಕಿಗಳಿಗೆ. ಈಗ ದಿಬ್ಬಣ ಎಲ್ಲಿಗೋ ಅಲ್ಲಿಗೆ ಅವಳೂ. ಬಾಂದುಂಗ್ ನೋಡಿದಳು. ಪಂಗಂದಾರನ್‌ನಲ್ಲಿ ಸಮುದ್ರ ನೋಡಿ, ಹುಂಜಕ್ಕೂ ತೋರಿಸಿ, ಇಬ್ಬರೂ ಹೆದರಿ ಹಿಂದೆ ಬಂದರಂತೆ.

ಗಿರಾಕಿಗಳು ತಕರಾರು ಮಾಡಲಿಲ್ಲವೆಂದಲ್ಲ. ಒಬ್ಬ ಮದುಮಗನ ತಾಯಿ, "ನನ್ನ ಮಗನ ಮದುವೆಗೆ ಕೋಳಿ ಮುಂದಿನ ಸೀಟಲ್ಲಿ, ನಾನು ಹಿಂದಿನ ಸೀಟಲ್ಲಾ?" ಎಂದು ಜಗಳ ತೆಗೆದಳು.

"ಅಮ್ಮಾ, ನೀವಿಲ್ಲದೆ ಗಾಡಿ ಹೊರಡುತ್ತೆ," ಅಂದ ಎಂಕೋಸ್ ತನ್ನ ಮೆತ್ತನೆ ದನಿಯಲ್ಲಿ, "ಅದಿಲ್ಲದೆ ಹೊರಡಲ್ಲ."

ಒಮ್ಮೆ ಚೌಕದಲ್ಲಿ ಎಂಜಿನ್ ಆಫ್ ಆಯಿತು. ಹಿಂದೆ ಹಾರ್ನು. ರುಕೋಯಾ ಇಳಿದು ಸುತ್ತಿ ಓಡಿ ಬಂದು ಹುಂಜವನ್ನು ಕಿಟಕಿಗೆ ತೂರಿಸುವಾಗ ಸಂಚಾರ ಪೊಲೀಸ್ ಬಂದ.

"ಏನಮ್ಮಾ ಇದು, ನಡುರಸ್ತೇಲಿ?"

"ಕೀಲಿ, ಸಾರ್."

"ನಾನು ಕೇಳಿದ್ದು ಇದು."

"ನಾನು ಹೇಳಿದ್ದೂ ಅದೇ, ಸಾರ್."

ಪೊಲೀಸ್ ನಂಬಲಿಲ್ಲ. ಹುಂಜವಿಲ್ಲದೆ ಒಮ್ಮೆ ತಿರುಗಿಸಿ ನೋಡಿದ, ಸತ್ತಿತು. ಹುಂಜ ಹಿಡಿಸಿ ತಿರುಗಿಸಿದ, ಹತ್ತಿತು. ಆರಿಸಿ, ಇನ್ನೊಮ್ಮೆ. ಅವನ ಮುಖ ಮಗುವಿನದಾಯಿತು. ಆಚೆ ರಸ್ತೆಯಲ್ಲಿದ್ದ ತನ್ನ ಜೊತೆಗಾರನನ್ನೂ ಕರೆದು ತೋರಿಸಿದ. ನಾಲ್ಕು ದಿಕ್ಕಿನ ಗಾಡಿಗಳೂ ಕಾದವು. ಲೈಸೆನ್ಸ್ ಕೇಳುವುದನ್ನು ಇಬ್ಬರೂ ಮರೆತರು.

ಆದರೆ ಇಳಿದು ಹತ್ತಿ ರುಕೋಯಾಳ ಮಂಡಿ ನೋಯತೊಡಗಿತು. ಹಾಗಾಗಿ ಸಣ್ಣಪುಟ್ಟ ಕೆಲಸಕ್ಕೆ ನಿಂತಾಗ ಎಂಕೋಸ್ ಎಂಜಿನ್ ಆರಿಸುವುದನ್ನೇ ಬಿಟ್ಟ. ಗೇರಿನ ಗುಂಡು ಬಿಚ್ಚಿಕೊಂಡು ಓಡಾಡುತ್ತಿದ್ದ ಮನುಷ್ಯ, ಓಡುತ್ತಿರುವ ಗಾಡಿಯನ್ನು ರಸ್ತೆಬದಿಯಲ್ಲಿ ಬಿಟ್ಟು ಇಳಿಯುತ್ತಿದ್ದ. ನಾನು ಬೈದರೆ, "ಕಾವಲಿಗೆ ಹುಂಜ ಇದೆಯಲ್ಲ" ಅನ್ನುತ್ತಿದ್ದ. ಹುಂಜ ಕಾವಲಿಗಲ್ಲ, ಹುಂಜವೇ ಕೀಲಿ, ನೀನು ಕೀಲಿಯನ್ನೂ ಒಳಗೇ ಬಿಟ್ಟು ಬರ್ತಿದೀಯ ಎಂದು ಹೇಳಿದರೆ ಅವನ ತಲೆಗೆ ಹೋಗುತ್ತಿರಲಿಲ್ಲ.

ಸುಕಬೂಮಿ ರಸ್ತೆಯಲ್ಲಿ ಒಂದು ಮಧ್ಯಾಹ್ನ, ಗಂಡಹೆಂಡತಿ ಬಿಸಿ ಕರಿದ ತೋಫು ತಿನ್ನಲು ಇಳಿದರು. ವ್ಯಾನು ಗುರುಗುಟ್ಟುತ್ತ ನಿಂತಿತ್ತು. ತೋಫುವಿಗೆ ಹಸಿಮೆಣಸಿನಕಾಯಿ ಕಚ್ಚಿಕೊಳ್ಳುವಷ್ಟರಲ್ಲಿ ವ್ಯಾನು ಹೊರಟಿತು. ಒಳಗೆ ಚಾಲಕನ ಜಾಗದಲ್ಲಿ ಒಬ್ಬ ಅಪರಿಚಿತ, ಪಕ್ಕದ ಸೀಟಿನಲ್ಲಿ ಗುಲುದುಗ್. ಹುಂಜ ಕಿಟಕಿಯಿಂದ ಅವರನ್ನು ನೋಡುತ್ತ ಹೋಯಿತಂತೆ.

ರುಕೋಯಾ ಓಡಿದಳು, ನಿಂತಳು, ಚಪ್ಪಲಿ ಎಸೆದಳು. ಅಷ್ಟೊತ್ತಿಗೆ ವ್ಯಾನು ತಿರುವಿನಲ್ಲಿ ಮರೆಯಾಗಿತ್ತು.

ಪೊಲೀಸಿಗೆ ಹೇಳಬೇಕೆಂದು ಎಂಕೋಸ್ ಫೋನು ತೆಗೆದಾಗ ಅದೇ ಬಡಿದುಕೊಂಡಿತು. ಅಪರಿಚಿತ ನಂಬರು. ಹಿಂದೆ ಡೋಲು, ತುತ್ತೂರಿ.

"ಎಂಕೋಸ್ ಮಾಮನಾ? ನಿಮ್ಮ ವ್ಯಾನಿನ ಹಿಂದೆ ನಂಬರ್ ಬರೆದಿದೆಯಲ್ಲ, ಅದಕ್ಕೇ ಮಾಡಿದೆ. ನಮ್ಮ ಮೊಮ್ಮಗನ ಸುನ್ನತಿ ಮೆರವಣಿಗೆ. ನಿಮ್ಮ ಗಾಡಿ ನಮ್ಮ ಓಣಿಯಲ್ಲಿ ಅಡ್ಡ ನಿಂತುಬಿಟ್ಟಿದೆ. ನಿಮ್ಮ ಡ್ರೈವರ್ ಪಾಪ, ಬೆವತು ನೀರಾಗಿದಾನೆ."

ಎಂಕೋಸನ ಬಾಯಿಂದ ಮೊದಲು ಬಂದ ಮಾತು, "ಹುಂಜ ಹೇಗಿದೆ?"

"ಕೂಗ್ತಾನೇ ಇದೆ. ನಮ್ಮ ಕುಣಿಯೋ ಕುದುರೆಗೆ ತಾಳ ತಪ್ತಾ ಇದೆ. ಬೇಗ ಬನ್ನಿ."

ನಡೆದದ್ದು ಇಷ್ಟು. ಕಳ್ಳ ದೊಡ್ಡ ರಸ್ತೆ ಬಿಟ್ಟು ಹಳ್ಳಿಯ ಓಣಿಗೆ ತಿರುಗಿಸಿದ್ದ. ಎದುರಿಗೆ ಮೆರವಣಿಗೆ: ರಾಜಕುಮಾರನ ವೇಷ ಹಾಕಿದ ಹುಡುಗನನ್ನು ಹೊತ್ತ ಕುಣಿಯುವ ಕುದುರೆ, ವಾದ್ಯದವರು, ಅರ್ಧ ಹಳ್ಳಿ. ಬ್ರೇಕು ಒತ್ತಿದಾಗ ಎಂಜಿನ್ ಆಫ್. ಕೀಲಿ ತಿರುಗಿಸಿದ, ಗುರ್ರ್ ಅಂದು ಸತ್ತಿತು. ಮತ್ತೆ ತಿರುಗಿಸಿದ. ಇಳಿದು ಓಡೋಣವೆಂದರೆ ನಮ್ಮ ಕಡೆಯ ಜನ ಗೊತ್ತಲ್ಲ, ಗಾಡಿ ಕೆಟ್ಟು ನಿಂತವನನ್ನು ಬಿಟ್ಟು ಹೋಗುವವರೇ ಅಲ್ಲ. ಒಬ್ಬ ಬಾನೆಟ್ ಎತ್ತಿದ. ಇನ್ನೊಬ್ಬ ಪೆಟ್ರೋಲ್ ತಂದ. ಹತ್ತಾರು ಜನ ಸೇರಿ ತಳ್ಳಿದರು, ಎದುರುಗಡೆಯಿಂದಲೂ ಅಷ್ಟೇ ಜನ ತಳ್ಳಿದರು, ವ್ಯಾನು ಅಲ್ಲೇ ಇತ್ತು. ಹೆಂಗಸರು ಅವನ ಕೈಗೆ ಚಹಾ ಕೊಟ್ಟರು, ಬಾಯಿಗೆ ಅಂಟಕ್ಕಿ ಸಿಹಿ ತುರುಕಿದರು. "ನಾನು ಹೋಗಿ ಮೆಕ್ಯಾನಿಕ್ ಕರ್ಕೊಂಡ್ ಬರ್ತೀನಿ" ಅಂದರೆ, "ನೀನ್ಯಾಕಪ್ಪ ಹೋಗ್ತೀಯ, ಸುಸ್ತಾಗಿದೀಯ, ಕೂತ್ಕೋ" ಎಂದು ಭುಜ ಹಿಡಿದು ಕೂರಿಸಿದರು. ವಾದ್ಯ ನಿಂತರೆ ಕುದುರೆ ಮಲಗಿಬಿಡುತ್ತದೆಂದು ವಾದ್ಯದವರು ಬಾರಿಸುತ್ತಲೇ ಇದ್ದರು. ಮೇಲಿಂದ ಗುಲುದುಗ್.

ಬಾಡಿಗೆ ಬೈಕುಗಳಲ್ಲಿ ಗಂಡಹೆಂಡತಿ ಬಂದಿಳಿದಾಗ ಕಳ್ಳ ಒಂದು ಸ್ಟೂಲಿನ ಮೇಲೆ, ಮಡಿಲಲ್ಲಿ ಊಟದ ತಟ್ಟೆ ಇಟ್ಟುಕೊಂಡು ಕೂತಿದ್ದ. ಮೂವತ್ತರ ಆಸುಪಾಸು, ಬಡಕಲು. ಎಂಕೋಸನನ್ನು ಕಂಡು ಅವನ ಮುಖ ಬೂದಿಯಾಯಿತು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

ಕರೆ ಮಾಡಿದ್ದ ಮುದುಕ, ಆಬಾ ಓಮಾಯ್, ಮುಂದೆ ಬಂದ. "ಏನ್ರಪ್ಪ, ಇವನು ನಿಮ್ಮ ಡ್ರೈವರ್ ತಾನೆ?"

ಎಂಕೋಸ್ ನನಗೆ ಆಮೇಲೆ ಹೇಳಿದ. ಆ ಕ್ಷಣ ಅವನ ನಾಲಿಗೆಯ ತುದಿಯಲ್ಲಿ 'ಕಳ್ಳ' ಎಂಬ ಮಾತು ಇತ್ತಂತೆ. ಆದರೆ ಸುತ್ತ ನೋಡಿದ. ತಳ್ಳಿ ತಳ್ಳಿ ಬಿಸಿಯೇರಿದ್ದ ಆ ತೋಳುಗಳನ್ನು ನೋಡಿದ. ಆ ಮಾತು ಹೊರಬಿದ್ದರೆ ಈ ಅನ್ನ ಬಡಿಸಿದ ಕೈಗಳೇ ಆ ಬಡಕಲನನ್ನು ಜೀವಸಹಿತ ಬಿಡುವುದಿಲ್ಲ. ಪೇಟೆಯಲ್ಲಿ ಅಂಥದ್ದನ್ನು ಒಮ್ಮೆ ನೋಡಿದ್ದನಂತೆ. ಹಾಗೆಂದು ಸುಳ್ಳು ಹೇಳಲೂ ಬಾರದೆ ಬಾಯಿ ತೆರೆದು ನಿಂತುಬಿಟ್ಟ.

ರುಕೋಯಾ ನುಗ್ಗಿ ಬಂದಳು. ಒಂದೇ ಕಾಲಲ್ಲಿ ಚಪ್ಪಲಿ. "ಡ್ರೈವರ್ ಅಲ್ಲ, ನನ್ನ ಅಕ್ಕನ ಮಗ!" ಎಂದು ಕೂಗಿದಳು. ಕೂಗಿ, ಅವನ ಕಪಾಳಕ್ಕೆ ಎಂಥ ಏಟು ಕೊಟ್ಟಳೆಂದರೆ ಡೋಲಿನವನು ಕೂಡ ಕೈ ನಿಲ್ಲಿಸಿದ. "ಹೇಳದೆ ಕೇಳದೆ ಗಾಡಿ ತಗೊಂಡು ಹೋಗ್ತೀಯಾ? ಹಾಂ? ಯಾರನ್ನ ಕೇಳಿ ತಗೊಂಡೆ?" ಇನ್ನೊಂದು.

"ತಪ್ಪಾಯ್ತು ಚಿಕ್ಕಮ್ಮ!" ಅಂದ ಕಳ್ಳ. ಅವನಿಗೂ ಬುದ್ಧಿ ಇತ್ತು.

ಜನಕ್ಕೆ ಇದು ತುಂಬ ಹಿಡಿಸಿತು. "ಹೊಡಿ ಅಕ್ಕಾ, ಈಗಿನ ಹುಡುಗರಿಗೆ ಹೇಳೋರಿಲ್ಲ" ಎಂದು ಹೆಂಗಸರು ಹುರಿದುಂಬಿಸಿದರು. ಅವಳು ಬೇಕಾದಷ್ಟು ಹೊಡೆದಳು.

ಆಮೇಲೆ ಹುಂಜವನ್ನೆತ್ತಿ, ಬಾಲ ಕನ್ನಡಿಯ ಕಡೆ ಮಾಡಿ ಕಿಟಕಿಗೆ ತೂರಿಸಿದಳು. ಎಂಕೋಸ್ ಕೀಲಿ ತಿರುಗಿಸಿದ. ಎಂಜಿನ್ ಹತ್ತಿತು. ಹಳ್ಳಿಗೆ ಹಳ್ಳಿಯೇ ಕೂಗಿತು. ಆಬಾ ಓಮಾಯ್ ಕೈಯಲ್ಲಿದ್ದ ಸಿಗರೇಟನ್ನು ತಿರುಗುಮುರುಗು ಬಾಯಿಗಿಟ್ಟುಕೊಂಡ. ಕಳ್ಳ ಓಡಿಹೋಗಲು ಅದೇ ಸಮಯ, ಯಾರೂ ಅವನತ್ತ ನೋಡುತ್ತಿರಲಿಲ್ಲ. ಆದರೆ ಅವನು ಓಡಲಿಲ್ಲ. ಕೆನ್ನೆ ಹಿಡಿದುಕೊಂಡು ವ್ಯಾನಿನ ಹತ್ತಿರ ಬಂದು, "ಇನ್ನೊಂದ್ಸಲ ತೋರಿಸ್ತೀರಾ?" ಅಂದ.

ಅವನನ್ನು ಹತ್ತಿಸಿಕೊಂಡೇ ಹೊರಟರು. ಅಕ್ಕನ ಮಗನನ್ನು ಬಿಟ್ಟು ಹೋಗುವಂತಿರಲಿಲ್ಲ. ಹೆಸರು ಸೋಲಿಹಿನ್, ಅಂದರೆ ಸಜ್ಜನರು. ಕೊಡೆ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸವಿರಲಿಲ್ಲವಂತೆ. ವ್ಯಾನು ಕದ್ದದ್ದು ಇದೇ ಮೊದಲು.

"ಕೊನೇದೂ ಇದೇನಾ?" ಎಂದಳು ರುಕೋಯಾ.

"ಕೋಳಿ ಒಳಗೆ ಕೀಲಿ ಇಡೋ ಜನ ಇರೋವಾಗ ಈ ಕಸುಬು ಮಾಡೋದು ಹೇಗೆ, ಚಿಕ್ಕಮ್ಮ?"

ಅವಳು ನಗಬಾರದೆಂದು ಕಿಟಕಿಯ ಕಡೆ ತಿರುಗಿದಳಂತೆ. ಬಸ್ ನಿಲ್ದಾಣದಲ್ಲಿ ಅವನನ್ನು ಇಳಿಸಿದರು. ಎಂಕೋಸ್ ಅವನಿಗೆ ಒಂದೇ ಮಾತು ಹೇಳಿದ: "ಮನೆಗೆ ಹೋಗಪ್ಪ." ಆಮೇಲೆ ಅವನನ್ನು ಯಾರೂ ಕಂಡಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ವ್ಯಾನಿಗೆ ಹುಂಜದ ಗುರುತು ಸಿಗಲಿಲ್ಲ. ಬಾಲ ಎತ್ತ ತಿರುಗಿಸಿದರೂ ಗುರ್ರ್ ಅಂದು ಸಾಯುತ್ತಿತ್ತು. ಗಾಜು ಸವೆದು ಪುಡಿಯಾಗಿರಬೇಕೆಂದು ಉಸೇಪ್ ಹೇಳಿದ. ಹುಂಜಕ್ಕೇನಾದರೂ ಆದೀತೆಂದು ಎಂಕೋಸ್ ವಾರವಿಡೀ ಅದರ ಮುಂದೆ ಕೂತಿದ್ದ, ಅದಕ್ಕೇನೂ ಆಗಲಿಲ್ಲ. ಅಷ್ಟರಲ್ಲಿ ಜಕಾರ್ತದ ಗುಜರಿಯಿಂದ ಪೆಟ್ಟಿಗೆಯೂ ಬಂತು, ಜೊತೆಗೆ ಎರಡು ಕೀಲಿ, ಅದರಲ್ಲೊಂದು ಯಜಮಾನ ಕೀಲಿ. ಉಸೇಪ್ ಕೂರಿಸಿ ಕೊಟ್ಟ. ಕೀಲಿ ತಿರುಗಿಸಿದರೆ ಎಲ್ಲರ ಗಾಡಿಯ ಹಾಗೆ ಹೊರಟಿತು.

ಮಾರನೆಯ ದಿನ ತಾಸಿಕ್‌ಮಲಾಯಾಕ್ಕೆ ದಿಬ್ಬಣ. ಎಂಕೋಸ್ ಗಾಡಿ ಹೊರತೆಗೆದು, ಒರೆಸಿ, ಹತ್ತಿ ಕೂತ. ಅಭ್ಯಾಸದಂತೆ ಬಲಗಡೆ ಕಿಟಕಿಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ರುಕೋಯಾ ಆಗಲೇ ಎಡಗಡೆಯ ಸೀಟಿನಲ್ಲಿದ್ದಳು. ಒಳ್ಳೆಯ ಬಟ್ಟೆ, ತೊಡೆಯ ಮೇಲೆ ಅನ್ನದ ಗಂಟು.

"ಈಗ ಹುಂಜ ಬೇಕಾಗಿಲ್ಲ, ರುಕೋಯಾ," ಅಂದ ಎಂಕೋಸ್.

"ಹುಂಜಾನ ಮನೇಲೇ ಬಿಟ್ಟಿದೀನಿ."

"ಅಂದ್ರೆ, ಹಿಡ್ಕೊಳೋರೂ..."

"ತಾಸಿಕ್‌ಮಲಾಯಾ ನಾನು ನೋಡಿಲ್ಲ," ಅಂದಳು ಅವಳು ಎದುರಿನ ಗಾಜನ್ನೇ ನೋಡುತ್ತ. "ಆ ಕಡೆ ಚಾಪೆ ಚೆನ್ನಾಗಿ ಹೆಣೀತಾರಂತೆ. ಹೊರಡು, ದಿಬ್ಬಣಕ್ಕೆ ಹೊತ್ತಾಗುತ್ತೆ."

ನಾನು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಂಕೋಸ್ ಅವಳ ಕಡೆಯ ಕಿಟಕಿಯ ಗಾಜನ್ನು ಗಾಳಿ ಬರುವಷ್ಟು ಇಳಿಸಿ, ಗಾಡಿ ಹೊರಡಿಸಿದ.